ಶಟ್‌ಡೌನ್ ಒತ್ತಿದರೂ ಕಂಪ್ಯೂಟರ್ ಆರುತ್ತಿಲ್ಲವೇ?

ಕಚೇರಿ ಮುಚ್ಚುವ ಹೊತ್ತು. ಶಟ್‌ಡೌನ್ ಒತ್ತಿ ಬ್ಯಾಗ್ ಎತ್ತಿಕೊಂಡಿದ್ದೀರಿ. ಕಂಪ್ಯೂಟರಿನ ಪರದೆ ಒಂದೇ ಬಣ್ಣಕ್ಕೆ ತಿರುಗಿ, ನಡುವೆ ಒಂದೆರಡು ಪ್ರೋಗ್ರಾಮ್‌ಗಳ ಹೆಸರು ತೋರಿಸಿ, ಅಲ್ಲಿಗೇ ನಿಂತುಬಿಡುತ್ತದೆ. ಎರಡು ನಿಮಿಷ ಕಾದರೂ ಅಲುಗಾಡುವುದಿಲ್ಲ. ಆಗ ಹಲವರ ಕೈ ನೇರವಾಗಿ ಗೋಡೆಯ ಸ್ವಿಚ್ಚಿಗೆ ಹೋಗುತ್ತದೆ. ಇನ್ನು ಕೆಲವರು ‘ತಾನೇ ಆರಲಿ’ ಎಂದು ಹಾಗೇ ಬಿಟ್ಟು ಹೊರಡುತ್ತಾರೆ. ಎರಡೂ ಬೇಡ. ಕಂಪ್ಯೂಟರ್ ಯಾಕೆ ನಿಂತಿದೆ ಎಂಬುದು ತಿಳಿದರೆ ಅದನ್ನು ಸುರಕ್ಷಿತವಾಗಿ ಮುಚ್ಚಲು ಹೆಚ್ಚಿನ ಸಲ ಐದು ನಿಮಿಷ ಸಾಕು. ಮಾಡಿದ ಕೆಲಸವೂ ಸಾಮಾನ್ಯವಾಗಿ ಉಳಿಯುತ್ತದೆ.

ನಮ್ಮಲ್ಲಿ ಹೆಚ್ಚಿನ ಮನೆ, ಕಚೇರಿ, ಡಿಟಿಪಿ ಕೇಂದ್ರಗಳಲ್ಲಿ ಇರುವುದು ವಿಂಡೋಸ್. ಹಾಗಾಗಿ ಇಲ್ಲಿನ ವಿವರಣೆ ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದ್ದು. ಲಿನಕ್ಸ್, ಮ್ಯಾಕ್ ಬಳಸುವವರಿಗೆ ಕೊನೆಯಲ್ಲಿ ಎರಡು ಮಾತು ಇವೆ.

ಕಂಪ್ಯೂಟರ್ ಕಾಯುವುದೇಕೆ?

ಶಟ್‌ಡೌನ್ ಒತ್ತಿದ ಕೂಡಲೇ ವಿಂಡೋಸ್ ವಿದ್ಯುತ್ ಕಡಿಯುವುದಿಲ್ಲ. ತೆರೆದಿರುವ ಪ್ರತಿ ಪ್ರೋಗ್ರಾಮಿಗೂ ‘ಮುಚ್ಚಬಹುದೇ?’ ಎಂಬ ಸಂದೇಶ ಕಳಿಸುತ್ತದೆ. ಅಂಗಡಿಯ ಬಾಗಿಲು ಎಳೆಯುವ ಮುನ್ನ ಯಜಮಾನರು ಗಲ್ಲಾದಲ್ಲಿ ಕೂತವರನ್ನು ‘ಲೆಕ್ಕ ಮುಗೀತಾ?’ ಎಂದು ಕೇಳುವ ಹಾಗೆ. ಬರುವ ಉತ್ತರ ಮೂರು ಬಗೆ. ಕೆಲವು ಪ್ರೋಗ್ರಾಮ್‌ಗಳು ‘ಆಯಿತು’ ಎಂದು ಮುಚ್ಚಿಕೊಳ್ಳುತ್ತವೆ. ಕೆಲವು ‘ತಾಳಿ, ಸೇವ್ ಮಾಡದ ಕಡತ ಇದೆ’ ಎನ್ನುತ್ತವೆ. ಉಳಿದವು ಉತ್ತರವನ್ನೇ ಕೊಡುವುದಿಲ್ಲ.

ಎರಡನೆಯದೂ ಮೂರನೆಯದೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಎರಡರಲ್ಲೂ ಅದೇ ಪರದೆ, ಅದೇ ಕಾಯುವಿಕೆ. ಆದರೆ ಎರಡನೆಯದರಲ್ಲಿ ಪ್ರೋಗ್ರಾಮ್ ನಿಮ್ಮ ಕೆಲಸವನ್ನು ಕಾಪಾಡುತ್ತಿದೆ, ಮೂರನೆಯದರಲ್ಲಿ ಅದು ಸಿಕ್ಕಿಕೊಂಡಿದೆ. ಯಾವುದು ಎಂದು ಗುರುತಿಸದೆ ಬಲವಂತವಾಗಿ ಮುಚ್ಚಿದರೆ ಮಧ್ಯಾಹ್ನವಿಡೀ ಟೈಪ್ ಮಾಡಿದ ಪತ್ರ ಹೋಗಿಬಿಡಬಹುದು.

‘ನಾಟ್ ರೆಸ್ಪಾಂಡಿಂಗ್’ ಎಂಬ ಫಲಕದ ಬಗ್ಗೆಯೂ ಒಂದು ಮಾತು. ನೀವು ಒತ್ತುವ ಪ್ರತಿ ಕೀಲಿ, ಪ್ರತಿ ಕ್ಲಿಕ್ ಆ ಪ್ರೋಗ್ರಾಮಿನ ಸಾಲಿನಲ್ಲಿ ಒಂದು ಸಂದೇಶವಾಗಿ ನಿಲ್ಲುತ್ತದೆ. ಸುಮಾರು 5 ಸೆಕೆಂಡು ಪ್ರೋಗ್ರಾಮ್ ಆ ಸಾಲಿನತ್ತ ತಿರುಗಿ ನೋಡದಿದ್ದರೆ ವಿಂಡೋಸ್ ಅದರ ತಲೆಪಟ್ಟಿಯಲ್ಲಿ ‘ನಾಟ್ ರೆಸ್ಪಾಂಡಿಂಗ್’ ಎಂದು ಬರೆದು ಕಿಟಕಿಯನ್ನು ಬೆಳ್ಳಗೆ ಮಾಡುತ್ತದೆ. ಇದರ ಅರ್ಥ ಪ್ರೋಗ್ರಾಮ್ ಸತ್ತಿದೆ ಎಂದಲ್ಲ, ಇಷ್ಟು ಹೊತ್ತು ಮಾತಾಡಿಲ್ಲ ಎಂದಷ್ಟೇ. ಸಾವಿರಾರು ಸಾಲುಗಳ ಎಕ್ಸೆಲ್ ಹಾಳೆ ಲೆಕ್ಕ ಹಾಕುತ್ತಿರಬಹುದು, ದೊಡ್ಡ ಚಿತ್ರಗಳಿರುವ ಪುಟ ಸೇವ್ ಆಗುತ್ತಿರಬಹುದು, ಕಿತ್ತುಹಾಕಿದ ಪೆನ್‌ಡ್ರೈವ್‌ಗಾಗಿಯೋ ನೆಟ್‌ವರ್ಕ್‌ನಲ್ಲಿ ಆರಿಹೋದ ಇನ್ನೊಂದು ಕಂಪ್ಯೂಟರಿಗಾಗಿಯೋ ಅದು ಕಾಯುತ್ತಿರಬಹುದು.

ಹಂತ ಹಂತವಾಗಿ ಹೀಗೆ ಮಾಡಿ

ಕೆಳಗಿನ ಕ್ರಮ ಮೆದುವಾದ ಉಪಾಯದಿಂದ ಶುರುವಾಗಿ ಬಲವಂತದ ಉಪಾಯಕ್ಕೆ ಹೋಗುತ್ತದೆ. ಕ್ರಮ ತಪ್ಪಿಸಬೇಡಿ. ಎಲ್ಲಿ ಕೆಲಸವಾಯಿತೋ ಅಲ್ಲಿಗೆ ನಿಲ್ಲಿಸಿ.

1. ಮೊದಲು ‘ಕ್ಯಾನ್ಸಲ್’ ಒತ್ತಿ. ಕಾಯುವ ಪರದೆಯ ಮೇಲೆ ಎರಡು ಗುಂಡಿಗಳಿರುತ್ತವೆ: ‘ಶಟ್ ಡೌನ್ ಎನಿವೇ’ ಮತ್ತು ‘ಕ್ಯಾನ್ಸಲ್’. ಅವುಗಳ ಮೇಲೆ ಯಾವ ಪ್ರೋಗ್ರಾಮ್ ತಡೆಯುತ್ತಿದೆ ಎಂಬ ಪಟ್ಟಿ, ಕೆಲವೊಮ್ಮೆ ಯಾವ ಕಡತ ಎಂಬ ಹೆಸರೂ ಇರುತ್ತದೆ. ಆ ಹೆಸರನ್ನು ಓದಿಕೊಳ್ಳಿ. ‘ಶಟ್ ಡೌನ್ ಎನಿವೇ’ ಒತ್ತಿದರೆ ಪಟ್ಟಿಯಲ್ಲಿರುವುದನ್ನೆಲ್ಲ ವಿಂಡೋಸ್ ಕೇಳದೆ ಮುಚ್ಚುತ್ತದೆ. ಪಟ್ಟಿಯಲ್ಲಿರುವುದು ನಿಮಗೆ ಬೇಡದ ಪ್ರೋಗ್ರಾಮ್ ಎಂದು ಖಾತ್ರಿಯಿದ್ದರೆ ಮಾತ್ರ ಅದನ್ನು ಒತ್ತಿ. ಇಲ್ಲವಾದರೆ ಕ್ಯಾನ್ಸಲ್ ಒತ್ತಿ ಡೆಸ್ಕ್‌ಟಾಪಿಗೆ ಮರಳಿ. ಅಷ್ಟರಲ್ಲಿ ಮುಚ್ಚಿಕೊಂಡ ಪ್ರೋಗ್ರಾಮ್‌ಗಳು ತಾವಾಗಿ ತೆರೆಯುವುದಿಲ್ಲ, ಅದಕ್ಕೆ ಗಾಬರಿ ಬೇಡ.

2. ಅಡಗಿರುವ ಪ್ರಶ್ನೆಯನ್ನು ಹುಡುಕಿ. ಬಹಳ ಸಲ ಪ್ರೋಗ್ರಾಮ್ ಹ್ಯಾಂಗ್ ಆಗಿರುವುದೇ ಇಲ್ಲ. ‘ಬದಲಾವಣೆ ಸೇವ್ ಮಾಡಲೇ?’ ಎಂಬ ಸಣ್ಣ ಪೆಟ್ಟಿಗೆ ಇನ್ನೊಂದು ಕಿಟಕಿಯ ಹಿಂದೆ ಅವಿತಿರುತ್ತದೆ. ಅದಕ್ಕೆ ಉತ್ತರ ಸಿಗುವವರೆಗೆ ಮುಖ್ಯ ಕಿಟಕಿ ಯಾವ ಕ್ಲಿಕ್ಕಿಗೂ ಓಗೊಡುವುದಿಲ್ಲ. ಆಲ್ಟ್ ಕೀಲಿ ಹಿಡಿದು ಟ್ಯಾಬ್ ಒತ್ತುತ್ತ ತೆರೆದ ಕಿಟಕಿಗಳನ್ನೆಲ್ಲ ಒಂದೊಂದಾಗಿ ನೋಡಿ. ಪೆಟ್ಟಿಗೆ ಸಿಕ್ಕರೆ ಉತ್ತರ ಕೊಡಿ. ಕಾಣದಿದ್ದರೂ ಆ ಪ್ರೋಗ್ರಾಮನ್ನು ಮುಂದೆ ತಂದು ಎಸ್ಕೇಪ್ ಕೀಲಿಯನ್ನು ಒಮ್ಮೆ ಒತ್ತಿ ನೋಡಿ.

3. ಅದು ದುಡಿಯುತ್ತಿದೆಯೇ, ನಿಂತಿದೆಯೇ ಎಂದು ಪರೀಕ್ಷಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪ್ರೊಸೆಸಸ್ ಪಟ್ಟಿಯಲ್ಲಿ ಆ ಪ್ರೋಗ್ರಾಮಿನ ಸಾಲು ಹುಡುಕಿ, ಅದರೆದುರು ಸಿಪಿಯು ಮತ್ತು ಡಿಸ್ಕ್ ಅಂಕಿಗಳನ್ನು ಅರ್ಧ ನಿಮಿಷ ಗಮನಿಸಿ. ಡಿಸ್ಕ್ ಅಂಕಿ ಏರಿಳಿಯುತ್ತಿದ್ದರೆ ಅದು ಓದುತ್ತಲೋ ಬರೆಯುತ್ತಲೋ ಇದೆ, ಬಿಟ್ಟುಬಿಡಿ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇರುವ ಕಂಪ್ಯೂಟರಿನಲ್ಲಿ ಇದಕ್ಕೆ ಐದು–ಹತ್ತು ನಿಮಿಷ ಹಿಡಿದರೂ ಆಶ್ಚರ್ಯವಿಲ್ಲ. ಎರಡೂ ಅಂಕಿ ಸೊನ್ನೆಯಲ್ಲೇ ಇದ್ದರೆ ಅದು ಬೇರಾವುದಕ್ಕೋ ಕಾಯುತ್ತಿದೆ. ಡಿಸ್ಕ್ ಸೊನ್ನೆಯಾಗಿದ್ದು ಸಿಪಿಯು ಮಾತ್ರ ಬಹಳ ಹೊತ್ತು ಒಂದೇ ಮಟ್ಟದಲ್ಲಿ ಓಡುತ್ತಿದ್ದರೆ ಒಳಗೆ ಸುತ್ತು ಹೊಡೆಯುತ್ತಿರುವ ಸಾಧ್ಯತೆ ಹೆಚ್ಚು.

4. ಯಾವುದಕ್ಕೆ ಕಾಯುತ್ತಿದೆ ಎಂದು ಕೇಳಿ. ಟಾಸ್ಕ್ ಮ್ಯಾನೇಜರಿನಲ್ಲೇ ಹೆಚ್ಚಿನವರು ಬಳಸದ ಒಂದು ಸೌಲಭ್ಯವಿದೆ. ‘ಡೀಟೇಲ್ಸ್’ ವಿಭಾಗಕ್ಕೆ ಹೋಗಿ ಆ ಪ್ರೋಗ್ರಾಮಿನ ಮೇಲೆ ಬಲ ಕ್ಲಿಕ್ ಮಾಡಿ, ‘ಅನಲೈಸ್ ವೇಟ್ ಚೈನ್’ ಆರಿಸಿ. ಅದು ಇನ್ನೊಂದು ಪ್ರೋಗ್ರಾಮಿಗಾಗಿ ಕಾಯುತ್ತಿದ್ದರೆ ಅದರ ಹೆಸರು ಇಲ್ಲಿ ಸಿಗಬಹುದು. ಮುದ್ರಣಕ್ಕೆ ಸಂಬಂಧಿಸಿದ ಹೆಸರು ಕಂಡರೆ ತಪ್ಪು ವರ್ಡ್‌ನದ್ದಲ್ಲ, ಪ್ರಿಂಟರ್ ಸಾಲಿನದ್ದು ಎಂದು ಗೊತ್ತಾಗುತ್ತದೆ. ನೆಟ್‌ವರ್ಕ್ ಫೋಲ್ಡರಿಗಾಗಿ ಕಾಯುತ್ತಿದೆ ಎಂಬ ಅನುಮಾನವಿದ್ದರೆ ಆ ಇನ್ನೊಂದು ಕಂಪ್ಯೂಟರನ್ನು ಚಾಲೂ ಮಾಡಿ. ಕಿತ್ತ ಪೆನ್‌ಡ್ರೈವನ್ನು ಮತ್ತೆ ಚುಚ್ಚಿ ನೋಡಿ. ಕಾಯುತ್ತಿದ್ದುದು ಸಿಕ್ಕಿದರೆ ಪ್ರೋಗ್ರಾಮ್ ಎಷ್ಟೋ ಸಲ ತಾನಾಗಿ ಎಚ್ಚೆತ್ತುಕೊಳ್ಳುತ್ತದೆ.

5. ಆ ಒಂದನ್ನೇ ಮುಚ್ಚಿ. ಯಾವುದೂ ಫಲಿಸದಿದ್ದರೆ ಪ್ರೊಸೆಸಸ್ ಪಟ್ಟಿಯಲ್ಲಿ ಅದನ್ನು ಆರಿಸಿ ‘ಎಂಡ್ ಟಾಸ್ಕ್’ ಕೊಡಿ. ಇದಕ್ಕೂ ಮುನ್ನ, ಸರಿಯಾಗಿ ಓಡುತ್ತಿರುವ ಉಳಿದ ಪ್ರೋಗ್ರಾಮ್‌ಗಳಲ್ಲಿನ ಕೆಲಸವನ್ನೆಲ್ಲ ಸೇವ್ ಮಾಡಿ ಮುಚ್ಚಿಬಿಡಿ. ಸಿಕ್ಕಿಕೊಂಡ ಕಿಟಕಿಯಲ್ಲಿರುವ ಅಕ್ಷರಗಳು ಕಾಣುತ್ತಿದ್ದರೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಕೊನೆಯ ಪ್ಯಾರಾ ಮತ್ತೆ ಟೈಪ್ ಮಾಡಬೇಕಾಗಿ ಬಂದರೆ ಆ ಫೋಟೊ ಬಹಳ ಉಪಕಾರಕ್ಕೆ ಬರುತ್ತದೆ.

6. ಟಾಸ್ಕ್‌ಬಾರ್, ಸ್ಟಾರ್ಟ್ ಮೆನು ಕೂಡ ಸ್ತಬ್ಧವಾಗಿದ್ದರೆ ಟಾಸ್ಕ್ ಮ್ಯಾನೇಜರಿನಲ್ಲಿ ‘ವಿಂಡೋಸ್ ಎಕ್ಸ್‌ಪ್ಲೋರರ್’ ಆರಿಸಿ ‘ರೀಸ್ಟಾರ್ಟ್’ ಕೊಡಿ. ಪರದೆ ಒಂದು ಕ್ಷಣ ಖಾಲಿಯಾಗಿ ಮರಳುತ್ತದೆ. ತೆರೆದ ಕಡತಗಳಿಗೆ ಏನೂ ಆಗುವುದಿಲ್ಲ, ಫೋಲ್ಡರ್ ಕಿಟಕಿಗಳು ಮಾತ್ರ ಮುಚ್ಚಿಹೋಗುತ್ತವೆ. ಇಡೀ ಪರದೆಯೇ ಹೆಪ್ಪುಗಟ್ಟಿದಂತಿದ್ದರೆ ವಿಂಡೋಸ್ ಕೀಲಿ, ಕಂಟ್ರೋಲ್, ಶಿಫ್ಟ್ ಮತ್ತು ಬಿ ಒಟ್ಟಿಗೆ ಒತ್ತಿ. ಇದು ಗ್ರಾಫಿಕ್ಸ್ ಡ್ರೈವರನ್ನು ಮಾತ್ರ ಮತ್ತೆ ಶುರು ಮಾಡುತ್ತದೆ.

7. ಈಗ ಶಟ್‌ಡೌನ್ ಕೊಡಿ. ಸ್ಟಾರ್ಟ್ ಮೆನು ತೆರೆಯದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿದಾಗ ಬರುವ ಪರದೆಯ ಬಲ ಮೂಲೆಯಲ್ಲಿ ಪವರ್ ಗುರುತು ಇರುತ್ತದೆ, ಅಲ್ಲಿಂದ ಮುಚ್ಚಿ. ಈ ಮೂರು ಕೀಲಿಗಳ ಸೂಚನೆ ಸಾಮಾನ್ಯ ಪ್ರೋಗ್ರಾಮ್‌ಗಳ ಕೈಗೆ ಹೋಗದೆ ನೇರವಾಗಿ ವಿಂಡೋಸ್‌ಗೆ ತಲುಪುವುದರಿಂದ ಬೇರೆಲ್ಲ ಸ್ತಬ್ಧವಾದಾಗಲೂ ಇದು ಕೆಲಸ ಮಾಡುವ ಸಂಭವ ಹೆಚ್ಚು.

8. ಅದೂ ಆಗದಿದ್ದರೆ ತುರ್ತು ರೀಸ್ಟಾರ್ಟ್. ಅದೇ ಪರದೆಯಲ್ಲಿ ಕಂಟ್ರೋಲ್ ಕೀಲಿ ಒತ್ತಿ ಹಿಡಿದುಕೊಂಡು ಪವರ್ ಗುರುತನ್ನು ಕ್ಲಿಕ್ ಮಾಡಿ. ‘ಎಮರ್ಜೆನ್ಸಿ ರೀಸ್ಟಾರ್ಟ್’ ಎಂಬ ಎಚ್ಚರಿಕೆ ಬರುತ್ತದೆ. ಓಕೆ ಎಂದ ತಕ್ಷಣ ಯಾವ ಪ್ರೋಗ್ರಾಮನ್ನೂ ಕೇಳದೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಸೇವ್ ಮಾಡದ್ದು ಉಳಿಯುವುದಿಲ್ಲ. ಆದರೂ ವಿದ್ಯುತ್ ಕಡಿಯುವುದಕ್ಕಿಂತ ಇದು ಒಂದು ಮೆಟ್ಟಿಲು ಮೇಲು.

9. ಕೊನೆಯ ಉಪಾಯ ಪವರ್ ಗುಂಡಿ. ಮೌಸಿನ ಬಾಣವೂ ಅಲುಗಾಡದೆ, ಕೀಲಿಮಣೆಯ ಕ್ಯಾಪ್ಸ್ ಲಾಕ್ ದೀಪವೂ ಹತ್ತಿ ಆರದೆ ಇದ್ದರೆ ಮಾತ್ರ ಇದಕ್ಕೆ ಬನ್ನಿ. ಡಿಸ್ಕ್ ದೀಪ ಮಿನುಗುತ್ತಿದ್ದರೆ ಅದು ನಿಲ್ಲುವವರೆಗೆ ಕಾಯಿರಿ. ಗುಂಡಿಯನ್ನು ಒತ್ತಿ ಹಿಡಿದರೆ ಸಾಮಾನ್ಯವಾಗಿ 4 ಸೆಕೆಂಡಿನಲ್ಲಿ ಕಂಪ್ಯೂಟರ್ ಆರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಿಗೆ 10 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಬೇಕು. ಗೋಡೆಯ ಸ್ವಿಚ್ ಆರಿಸುವುದಾಗಲಿ ಪ್ಲಗ್ ಕೀಳುವುದಾಗಲಿ ಬೇಡ. ಒಂದೇ ಬೋರ್ಡಿನಲ್ಲಿರುವ ಪ್ರಿಂಟರ್, ಹೊರಗಿನ ಹಾರ್ಡ್‌ಡಿಸ್ಕ್, ರೂಟರ್‌ಗಳಿಗೂ ಅದೇ ಏಟು ಬೀಳುತ್ತದೆ.

ಪ್ರಿಂಟರ್ ಸಾಲು ಕಟ್ಟಿಕೊಂಡಾಗ

ಕನ್ನಡದ ಪತ್ರ, ಕರಪತ್ರ, ಪ್ರಶ್ನೆಪತ್ರಿಕೆ ಮುದ್ರಿಸುವ ಜಾಗಗಳಲ್ಲಿ ಈ ತೊಂದರೆ ಅತಿ ಸಾಮಾನ್ಯ. ಹಾಳೆ ಸಿಕ್ಕಿಕೊಂಡಿದ್ದಕ್ಕೋ ಕೇಬಲ್ ಸಡಿಲವಾಗಿದ್ದಕ್ಕೋ ಒಂದು ಕಡತ ಅರ್ಧಕ್ಕೆ ನಿಲ್ಲುತ್ತದೆ. ಅದರ ಹಿಂದೆ ನಾಲ್ಕು ಸಲ ಪ್ರಿಂಟ್ ಒತ್ತಿರುತ್ತಾರೆ. ಪ್ರಿಂಟ್ ಕೊಟ್ಟ ಪ್ರೋಗ್ರಾಮ್ ಪ್ರಿಂಟರಿನ ಉತ್ತರಕ್ಕೆ ಕಾಯುತ್ತ ನಿಲ್ಲುತ್ತದೆ, ಶಟ್‌ಡೌನ್ ಆ ಪ್ರೋಗ್ರಾಮಿಗಾಗಿ ಕಾಯುತ್ತ ನಿಲ್ಲುತ್ತದೆ.

ಪರಿಹಾರ ಸರಳ. ಮೊದಲು ಪ್ರಿಂಟರನ್ನು ಆಫ್ ಮಾಡಿ. ಸ್ಟಾರ್ಟ್ ಮೆನುವಿನಲ್ಲಿ ಸರ್ವಿಸಸ್ ಎಂದು ಹುಡುಕಿ ತೆರೆದು, ಪಟ್ಟಿಯಲ್ಲಿ ‘ಪ್ರಿಂಟ್ ಸ್ಪೂಲರ್’ ಮೇಲೆ ಬಲ ಕ್ಲಿಕ್ ಮಾಡಿ ‘ಸ್ಟಾಪ್’ ಕೊಡಿ. ಸಿ ಡ್ರೈವಿನಲ್ಲಿ ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಫೋಲ್ಡರಿಗೆ ಹೋಗಿ. ಒಳಗೆ ಹೋಗಲು ಅನುಮತಿ ಕೇಳುತ್ತದೆ, ಕೊಡಿ. ಅಲ್ಲಿರುವ ಕಡತಗಳನ್ನು ಅಳಿಸಿ, ಫೋಲ್ಡರನ್ನು ಮಾತ್ರ ಅಳಿಸಬೇಡಿ. ಮತ್ತೆ ಸರ್ವಿಸಸ್‌ಗೆ ಬಂದು ಪ್ರಿಂಟ್ ಸ್ಪೂಲರನ್ನು ‘ಸ್ಟಾರ್ಟ್’ ಮಾಡಿ. ಸಾಲಿನಲ್ಲಿದ್ದ ಮುದ್ರಣಗಳು ಹೋಗುತ್ತವೆ, ನಿಮ್ಮ ಮೂಲ ಕಡತಗಳು ಎಲ್ಲಿದ್ದವೋ ಅಲ್ಲೇ ಇರುತ್ತವೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಟಾಸ್ಕ್ ಮ್ಯಾನೇಜರಿನಲ್ಲಿ ಕಂಡದ್ದನ್ನೆಲ್ಲ ಕೊಲ್ಲುವುದು. ‘ಆ್ಯಪ್ಸ್’ ಎಂಬ ತಲೆಬರಹದ ಕೆಳಗಿರುವುದು ನೀವು ತೆರೆದ ಪ್ರೋಗ್ರಾಮ್‌ಗಳು, ಅವನ್ನು ಮುಟ್ಟಬಹುದು. ‘ವಿಂಡೋಸ್ ಪ್ರೊಸೆಸಸ್’ ಕೆಳಗಿರುವುದು ವಿಂಡೋಸ್‌ನದ್ದೇ ಅಂಗಾಂಗ. ಅವುಗಳಲ್ಲಿ ಕೆಲವನ್ನು ನಿಲ್ಲಿಸಿದರೆ ಆ ಕ್ಷಣವೇ ನೀಲಿ ಪರದೆ ಬಂದು ಕಂಪ್ಯೂಟರ್ ಕುಸಿಯುತ್ತದೆ. ‘ಇದರಿಂದ ವಿಂಡೋಸ್ ಅಸ್ಥಿರವಾಗಬಹುದು’ ಎಂಬ ಎಚ್ಚರಿಕೆ ಬಂದರೆ ಹಿಂದೆ ಸರಿಯಿರಿ.

ಅಪ್‌ಡೇಟ್ ನಡೆಯುವಾಗ ಆರಿಸುವುದು. ಪರದೆಯ ಮೇಲೆ ಅಪ್‌ಡೇಟ್‌ನ ಶೇಕಡಾವಾರು ಲೆಕ್ಕ ಓಡುತ್ತಿದ್ದರೆ ಅದು ಹ್ಯಾಂಗ್ ಅಲ್ಲ. ಒಂದೇ ಅಂಕಿಯಲ್ಲಿ ಅರ್ಧ ಗಂಟೆ ನಿಂತರೂ ಕಾಯಿರಿ. ಮೇಲೆ ಹೇಳಿದ ಯಾವ ಬಲವಂತವೂ ಇಲ್ಲಿ ಸಲ್ಲದು. ಅರ್ಧ ಬದಲಾದ ವಿಂಡೋಸ್ ಕಡತಗಳಿಂದ ಮರುದಿನ ಕಂಪ್ಯೂಟರ್ ತೆರೆಯದೇ ಹೋಗಬಹುದು. ಮನೆಗೆ ಹೋಗಲೇಬೇಕಿದ್ದರೆ ಹಾಗೇ ಬಿಟ್ಟು ಹೋಗುವುದು ಸರಿಯಾಗುವ ಸಂದರ್ಭ ಇದೊಂದೇ.

ಟೈಮರ್ ಇಟ್ಟು ಮುಚ್ಚುವುದು. ‘ಒಂದು ಗಂಟೆಯ ನಂತರ ತಾನೇ ಆರಲಿ’ ಎಂದು ಶಟ್‌ಡೌನ್ ಆದೇಶಕ್ಕೆ ಸಮಯ ಕೊಟ್ಟು ಬರೆಯುವವರಿದ್ದಾರೆ. ಆ ಆದೇಶದಲ್ಲಿ ಸಮಯ ಸೊನ್ನೆಗಿಂತ ಹೆಚ್ಚಿದ್ದರೆ, ನೀವು ಹೇಳದಿದ್ದರೂ, ಬಲವಂತವಾಗಿ ಮುಚ್ಚು ಎಂಬ ಸೂಚನೆ ತಾನಾಗಿ ಸೇರಿಕೊಳ್ಳುತ್ತದೆ. ಗಂಟೆ ಮುಗಿದಾಗ ಸೇವ್ ಮಾಡದ ಕಡತದ ಬಗ್ಗೆ ಯಾರೂ ಕೇಳುವುದಿಲ್ಲ. ಡೌನ್‌ಲೋಡ್ ಮುಗಿಯಲೆಂದು ಇದನ್ನು ಬಳಸುವುದಾದರೆ ಉಳಿದೆಲ್ಲವನ್ನೂ ಮೊದಲೇ ಮುಚ್ಚಿಡಿ.

ರಿಜಿಸ್ಟ್ರಿ ತಿದ್ದುವುದು. ವಿಂಡೋಸ್ ಎಕ್ಸ್‌ಪಿ ಕಾಲದಿಂದಲೂ ಒಂದು ಉಪಾಯ ಕೈಯಿಂದ ಕೈಗೆ ದಾಟುತ್ತ ಬಂದಿದೆ: ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ‘ಆಟೋಎಂಡ್‌ಟಾಸ್ಕ್ಸ್’ ಮೌಲ್ಯವನ್ನು 1 ಮಾಡಿ, ಕಾಯುವ ಅವಧಿಗಳನ್ನು ಇಳಿಸಿ, ಕಂಪ್ಯೂಟರ್ ಬೇಗ ಆರುತ್ತದೆ. ಆರುವುದು ನಿಜ. ಎಕ್ಸ್‌ಪಿಯಲ್ಲಿ ಹಿನ್ನೆಲೆ ಸೇವೆಗಳಿಗೆ ಕೊಡುತ್ತಿದ್ದ 20,000 ಮಿಲಿಸೆಕೆಂಡು, ಅಂದರೆ 20 ಸೆಕೆಂಡು, ದೀರ್ಘವೇ ಆಗಿತ್ತು. ಆದರೆ ಈಗಿನ ವಿಂಡೋಸ್‌ನಲ್ಲಿ ಆ ಅವಧಿ 5,000ಕ್ಕೆ ಇಳಿದಿದೆ. ಇನ್ನೂ ಇಳಿಸಿದರೆ ಲೆಕ್ಕಪತ್ರದ ಡೇಟಾಬೇಸ್‌ನಂಥ ಸೇವೆಗಳು ಕೊನೆಯ ಬರಹ ಮುಗಿಸುವ ಮೊದಲೇ ಕತ್ತರಿಸಿಹೋಗುತ್ತವೆ. ‘ಆಟೋಎಂಡ್‌ಟಾಸ್ಕ್ಸ್’ ಅಂತೂ ಪ್ರತಿದಿನವೂ ಕೇಳದೆಯೇ ‘ಶಟ್ ಡೌನ್ ಎನಿವೇ’ ಒತ್ತಿದಂತೆ. ವೇಗದ ಆಸೆಗೆ ಅದನ್ನು ಹಾಕಿಕೊಳ್ಳಬೇಡಿ. ಬೇರೆ ಯಾರಾದರೂ ಹಾಕಿಕೊಟ್ಟಿದ್ದರೆ ತೆಗೆಸಿಬಿಡಿ.

ಇನ್ನೊಂದು ತಪ್ಪು ನಂಬಿಕೆಯದು. ‘ಈಗಿನ ಡಿಸ್ಕ್‌ಗಳಿಗೆ ಏನೂ ಆಗಲ್ಲ’ ಎನ್ನುತ್ತಾರೆ. ವಿಂಡೋಸ್ ಡಿಸ್ಕ್ ಬಳಸುವ ಎನ್‌ಟಿಎಫ್‌ಎಸ್ ಎಂಬ ವ್ಯವಸ್ಥೆಯಲ್ಲಿ ಡಿಸ್ಕಿನ ರಚನೆಯ ಬದಲಾವಣೆಗಳನ್ನು ಮೊದಲು ದಾಖಲೆ ಪುಸ್ತಕದಂಥ ಜಾಗದಲ್ಲಿ ಗುರುತು ಹಾಕಿಕೊಳ್ಳುವ ಏರ್ಪಾಡಿದೆ. ಹಾಗಾಗಿ ವಿದ್ಯುತ್ ಹೋದರೂ ಡಿಸ್ಕಿನ ಒಟ್ಟು ರಚನೆ ಬಹುಮಟ್ಟಿಗೆ ಉಳಿಯುತ್ತದೆ. ಆದರೆ ಅದು ಕಾಪಾಡುವುದು ಕಡತಗಳ ಪಟ್ಟಿಯನ್ನು. ಕಡತದೊಳಗೆ ನೀವು ಬರೆದದ್ದನ್ನು ಕಾಪಾಡುವ ಭರವಸೆ ಅದರಲ್ಲಿಲ್ಲ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಎಫ್‌ಎಟಿ32, ಎಕ್ಸ್‌ಎಫ್‌ಎಟಿಗಳಲ್ಲಿ ಆ ದಾಖಲೆಯ ಏರ್ಪಾಡೂ ಇಲ್ಲ. ಪೆನ್‌ಡ್ರೈವಿನಲ್ಲೇ ಕಡತ ತೆರೆದು ಕೆಲಸ ಮಾಡುವವರು ಈ ಅಭ್ಯಾಸ ಬಿಟ್ಟು, ಕಂಪ್ಯೂಟರಿಗೆ ನಕಲು ಮಾಡಿಕೊಂಡು ಕೆಲಸ ಮುಗಿಸಿ, ಕೊನೆಗೆ ಪೆನ್‌ಡ್ರೈವಿಗೆ ಹಾಕಿಕೊಳ್ಳುವುದು ಒಳ್ಳೆಯದು.

ಪದೇ ಪದೇ ಆಗುತ್ತಿದ್ದರೆ

ತಿಂಗಳಿಗೊಮ್ಮೆ ಹೀಗಾದರೆ ತಲೆಕೆಡಿಸಿಕೊಳ್ಳಬೇಡಿ. ವಾರಕ್ಕೆರಡು ಸಲ ಆಗುತ್ತಿದ್ದರೆ ಕಾರಣ ಹುಡುಕಲೇಬೇಕು. ಊಹೆಯ ಅಗತ್ಯವಿಲ್ಲ, ವಿಂಡೋಸ್ ಲೆಕ್ಕ ಇಟ್ಟಿರುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಇಂಗ್ಲಿಷಿನಲ್ಲಿ ರಿಲಯಬಿಲಿಟಿ ಎಂದು ಬರೆದರೆ ‘ವ್ಯೂ ರಿಲಯಬಿಲಿಟಿ ಹಿಸ್ಟರಿ’ ಸಿಗುತ್ತದೆ. ದಿನಾಂಕವಾರು ನಕ್ಷೆಯೊಂದು ತೆರೆದು, ಯಾವ ದಿನ ಯಾವ ಪ್ರೋಗ್ರಾಮ್ ಪ್ರತಿಕ್ರಿಯೆ ನಿಲ್ಲಿಸಿತು ಎಂಬುದನ್ನು ಕೆಂಪು ಗುರುತಿನಿಂದ ತೋರಿಸುತ್ತದೆ. ಕಂಪ್ಯೂಟರಿನ ಸ್ಥಿರತೆಗೆ 1ರಿಂದ 10ರ ನಡುವೆ ಅಂಕವನ್ನೂ ಕೊಡುತ್ತದೆ. ಒಂದೇ ಹೆಸರು ಮತ್ತೆ ಮತ್ತೆ ಕಂಡರೆ ಆ ಪ್ರೋಗ್ರಾಮನ್ನು ಅಪ್‌ಡೇಟ್ ಮಾಡಿ, ಇಲ್ಲವೇ ತೆಗೆದು ಮತ್ತೆ ಹಾಕಿ. ರಿಪೇರಿಯವರನ್ನು ಕರೆಯುವುದಾದರೂ ಈ ಪುಟ ತೋರಿಸಿ. ‘ಫಾರ್ಮ್ಯಾಟ್ ಮಾಡಬೇಕು’ ಎಂಬ ಮಾತಿಗಿಂತ ಖಚಿತವಾದ ಉತ್ತರ ಅಲ್ಲಿರುತ್ತದೆ.

ಪ್ರತಿ ಸಲ ಬೇರೆ ಬೇರೆ ಹೆಸರು ಕಂಡರೆ ಡಿಸ್ಕಿನ ಮೇಲೆ ಅನುಮಾನ ಪಡಿ. ಸಿ ಡ್ರೈವ್ ತುಂಬಿ ತುಳುಕುತ್ತಿದೆಯೇ ನೋಡಿ. ಡ್ರೈವಿನ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಟೂಲ್ಸ್, ಚೆಕ್ ಎಂಬ ದಾರಿಯಲ್ಲಿ ಪರೀಕ್ಷೆ ನಡೆಸಿ. ಅದಕ್ಕೂ ಮೊದಲು ಮುಖ್ಯ ಕಡತಗಳ ನಕಲು ಬೇರೆಡೆ ಇಡಿ.

ಮತ್ತೊಂದು ಕಾರಣ ಬಹಳ ಜನರ ಗಮನಕ್ಕೇ ಬರುವುದಿಲ್ಲ. 2012ರಲ್ಲಿ ಬಂದ ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದೆ. ಅದು ಚಾಲೂ ಇದ್ದಾಗ ಶಟ್‌ಡೌನ್ ಕೊಟ್ಟರೆ ನಿಮ್ಮ ಪ್ರೋಗ್ರಾಮ್‌ಗಳು ಮುಚ್ಚುತ್ತವೆ, ಆದರೆ ವಿಂಡೋಸ್‌ನ ತಿರುಳು ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕಿಗೆ ಬರೆದಿಟ್ಟುಕೊಂಡು ಮರುದಿನ ಹಾಗೇ ಎದ್ದು ಬರುತ್ತದೆ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಆರಿಸಿ ‘ಅಪ್ ಟೈಮ್’ ನೋಡಿ. ದಿನವೂ ಶಟ್‌ಡೌನ್ ಮಾಡುವ ಕಂಪ್ಯೂಟರಿನಲ್ಲೂ ಅದು ಹಲವು ದಿನಗಳ ಲೆಕ್ಕ ತೋರಿಸಬಹುದು. ಸಿಕ್ಕಿಕೊಂಡ ಡ್ರೈವರ್ ಇದ್ದರೆ ಅದೂ ದಿನದಿಂದ ದಿನಕ್ಕೆ ಜೊತೆಗೇ ಬರುತ್ತದೆ. ‘ರೀಸ್ಟಾರ್ಟ್’ ಮಾತ್ರ ಪೂರ್ತಿ ಹೊಸದಾಗಿ ಶುರು ಮಾಡುತ್ತದೆ. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿ. ಅಥವಾ ಶಿಫ್ಟ್ ಕೀಲಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿದರೆ ಆ ಒಂದು ಸಲ ಪೂರ್ತಿ ಮುಚ್ಚುತ್ತದೆ. ತೊಂದರೆ ಹೆಚ್ಚಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಗುಂಡಿಗಳ ಕೆಲಸ ನಿರ್ಧರಿಸುವ ಪುಟದಲ್ಲಿ, ಈ ಏರ್ಪಾಡನ್ನೇ ತೆಗೆದುಬಿಡಬಹುದು. ಎಸ್‌ಎಸ್‌ಡಿ ಇರುವ ಕಂಪ್ಯೂಟರಿನಲ್ಲಿ ಅದನ್ನು ತೆಗೆದರೂ ತೆರೆಯುವ ವೇಗದಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಕರೆಂಟ್ ಕೈಕೊಡುವ ಊರುಗಳಲ್ಲಿ ಡೆಸ್ಕ್‌ಟಾಪಿಗೆ ಸಣ್ಣ ಯುಪಿಎಸ್ ಇರಲೇಬೇಕು. ಅದು ಕೊಡುವ ಕೆಲವು ನಿಮಿಷಗಳು ಕೆಲಸ ಮುಂದುವರಿಸಲಿಕ್ಕಲ್ಲ, ಸೇವ್ ಮಾಡಿ ಮುಚ್ಚಲಿಕ್ಕೆ.

ಲಿನಕ್ಸ್ ಬಳಸುವವರು ಮುಚ್ಚುವಾಗ ‘ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್’ ಎಂಬ ಸಾಲು ಕಂಡರೆ ಕಾಯಿರಿ. ಸಾಮಾನ್ಯವಾಗಿ ಮಿತಿ 90 ಸೆಕೆಂಡು, ಪಕ್ಕದಲ್ಲೇ ಎಣಿಕೆ ಕಾಣುತ್ತದೆ. ಮ್ಯಾಕ್‌ನಲ್ಲಿ ಆಪ್ಷನ್, ಕಮಾಂಡ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಸಿಕ್ಕಿಕೊಂಡ ಪ್ರೋಗ್ರಾಮನ್ನು ಮುಚ್ಚುವ ಪಟ್ಟಿ ಬರುತ್ತದೆ.

ಬಲವಂತವಾಗಿ ಮುಚ್ಚಿದ ಮೇಲೆ

ಮತ್ತೆ ತೆರೆದಾಗ ಮೊದಲ ಕೆಲಸ ಕಳೆದ ಕಡತ ಹುಡುಕುವುದು. ವರ್ಡ್ ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ಒಂದು ರಕ್ಷಣಾ ಪ್ರತಿ ಇಟ್ಟುಕೊಳ್ಳುತ್ತದೆ. ತೆರೆದ ಕೂಡಲೇ ಎಡಬದಿಯಲ್ಲಿ ಆ ಪ್ರತಿಗಳ ಪಟ್ಟಿ ಬಂದರೆ ಅವಸರದಲ್ಲಿ ‘ಕ್ಲೋಸ್’ ಒತ್ತಬೇಡಿ. ಒಂದೊಂದನ್ನೂ ತೆರೆದು ನೋಡಿ, ಬೇಕಾದ್ದನ್ನು ಹೊಸ ಹೆಸರಿನಲ್ಲಿ ಸೇವ್ ಮಾಡಿ. ಪಟ್ಟಿ ಬರದಿದ್ದರೆ ಫೈಲ್, ಇನ್ಫೊ, ಮ್ಯಾನೇಜ್ ಡಾಕ್ಯುಮೆಂಟ್ ಎಂಬಲ್ಲಿ ‘ರಿಕವರ್ ಅನ್‌ಸೇವ್ಡ್ ಡಾಕ್ಯುಮೆಂಟ್ಸ್’ ಇದೆ. ಮೊದಲ ಸಲವೂ ಸೇವ್ ಮಾಡದ ಕಡತ ಅಲ್ಲಿ ಸಿಗುವ ಸಾಧ್ಯತೆ ಇರುತ್ತದೆ. ಹಾಗೆಯೇ ವರ್ಡ್‌ನ ಆಪ್ಷನ್ಸ್‌ನಲ್ಲಿ ‘ಸೇವ್’ ಪುಟಕ್ಕೆ ಹೋಗಿ ಆ 10 ನಿಮಿಷವನ್ನು 2 ನಿಮಿಷಕ್ಕೆ ಇಳಿಸಿ. ಲೆಕ್ಕಪತ್ರದ ತಂತ್ರಾಂಶ ತೆರೆದಿದ್ದಾಗ ಹೀಗಾಗಿದ್ದರೆ ಹೊಸ ನಮೂದು ಹಾಕುವ ಮುನ್ನ ಕೊನೆಯ ನಾಲ್ಕಾರು ವೋಚರ್‌ಗಳನ್ನು ಕಾಗದದ ಬಿಲ್ಲುಗಳೊಂದಿಗೆ ತಾಳೆ ನೋಡಿ. ದತ್ತಾಂಶ ಇನ್ನೊಂದು ಕಂಪ್ಯೂಟರಿನಲ್ಲಿದ್ದರೆ ಅಲ್ಲಿಯೂ ನೋಡಿ.